ಉಪ್ಪುನೀರಿನ ಭರಣಿ

೨೨ ಅಕ್ಟೋಬರ್ ೧೯೬೭, ಮೂಡುಬಿದಿರೆ

ಅತ್ತೆ ಒಪ್ಪಿಬಿಟ್ಟರು. ಒಪ್ಪಲಾರರು ಎಂಬ ಧೈರ್ಯದಿಂದಲೇ ಶಂಭು ಶೆಟ್ಟರನ್ನು ಮನೆಗೆ ಕರೆತಂದಿದ್ದೆ. ಅವರು ಆಗದು ಎಂದಿದ್ದರೆ ನನಗೂ ಬಿಡುಗಡೆಯಾಗುತ್ತಿತ್ತು.

ಶಂಭು ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ವೇಣೂರು ಮಾರ್ಗವಾಗಿ ಬಂದು ಭಾನುವಾರ ಸಂಜೆ ಮರಳುತ್ತಾರೆ. ಆ ಒಂದೂವರೆ ದಿನ ಮಾತ್ರ ನಮ್ಮ ನಾಟಕ ಸಂಘಕ್ಕೆ ಜೀವ. ಈ ವರ್ಷದ ನಾಟಕ ನಾನು ಬರೆದದ್ದು. ನನ್ನ ಹೆಸರು ಎಲ್ಲಿಯೂ ಬರಬಾರದು ಎಂಬ ಷರತ್ತಿನ ಮೇಲೆ ಕೊಟ್ಟಿದ್ದೇನೆ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತವನು ನಾಟಕ ಬರೆದ ಎಂದರೆ ಜನ ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡುತ್ತಾರೆ. ಅದು ನನಗೆ ಬೇಡ. ಒಂದೇ ರಾತ್ರಿಯ ಪ್ರದರ್ಶನ, ನವೆಂಬರ್ ೧೮ರ ಶನಿವಾರ.

ನಾಟಕ ಆಡಲು ಸಂಘದವರಿಗೆ ನಮ್ಮ ಅಂಗಳವೇ ಬೇಕು. ಪಕ್ಕದ ಅಕ್ಕಿ ಮಿಲ್ಲಿನಿಂದ ದಪ್ಪ ವಯರು ಎಳೆಯಬಹುದು. ಈ ಸಲ ಪೆಟ್ರೊಮ್ಯಾಕ್ಸ್ ಇಲ್ಲ. ಶಂಭು ಅವರ ಹೈಸ್ಕೂಲಿನ ಗೆಳೆಯ, ಪಾಣೆಮಂಗಳೂರಿನ ಅಬ್ದುಲ್ ಶುಕೂರ್, ಹಡಗಿನಲ್ಲಿ ಎಲೆಕ್ಟ್ರಿಶಿಯನ್. ರಜೆಗೆ ಬಂದವನು ಹ್ಯಾಂಬರ್ಗಿನಿಂದ ಎರಡು ಹ್ಯಾಲೊಜನ್ ದೀಪ ತಂದಿದ್ದಾನಂತೆ. ಒಂದೊಂದು ಸಾವಿರ ವಾಟು.

“ಎಷ್ಟು ಬೆಳಕಾಗ್ತದೆ ಅದು?” ಎಂದು ಅತ್ತೆ ಕೇಳಿದರು.

“ನಡುಮಧ್ಯಾಹ್ನದ ಹಾಗೆ, ಪುಷ್ಪಾವತಿಯಮ್ಮ. ಸೂಜಿ ಬಿದ್ರೆ ಹೆಕ್ಕಬಹುದು.”

“ಹುಳ ಬರ್ತದಲ್ಲ?”

ಶಂಭು ಅವರಿಗೆ ಅರ್ಥವಾಗಲಿಲ್ಲ. ನನಗಾಯಿತು. ಈ ಸಮಯದಲ್ಲಿ ಗದ್ದೆಯಿಂದ ಹಸಿರು ಜಿಗಿಹುಳಗಳು ಎದ್ದು ದೀಪ ಕಂಡಲ್ಲಿಗೆ ಬರುತ್ತವೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿದಿರುತ್ತದೆ. ಆಮೇಲೆ ಉರಿಯುವುದು ಒಂದು ಸಣ್ಣ ಲಾಟೀನು, ಅದೂ ಬತ್ತಿ ಇಳಿಸಿಕೊಂಡು.

“ಅಂಗಳ ಕೊಡ್ತೇನೆ,” ಎಂದರು ಅತ್ತೆ. “ಆದರೆ ನಿಮ್ಮ ದೀಪಕ್ಕೆ ಬಿದ್ದು ಜೀವ ಹೋದ್ರೆ ಮಾರನೆ ದಿನ ನನಗೆ ಉಪವಾಸ. ನಿಮ್ಮ ಮೇಲೆ ಸಿಟ್ಟಿಂದ ಅಲ್ಲ. ಅಂಗಳ ನನ್ನದು, ಹಾಗಾಗಿ.”

ಶ್ರಾವಣದಲ್ಲಿ ಅತ್ತೆ ರಕ್ತ ಕಾರಿದ್ದರು. ಹೊಟ್ಟೆಯಲ್ಲಿ ಹುಣ್ಣು. ಹೊಟ್ಟೆ ಖಾಲಿ ಬಿಡಲೇಬಾರದು, ಇನ್ನೊಮ್ಮೆ ರಕ್ತ ಬಂದರೆ ತನ್ನ ಹತ್ತಿರ ಕರೆತರುವುದೇ ಬೇಡ ಎಂದು ಮಂಗಳೂರಿನ ಡಾಕ್ಟರು ನನಗೇ ಬೆರಳು ತೋರಿಸಿ ಹೇಳಿದ್ದಾರೆ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವರು ಇವರು. ಇವರಲ್ಲದೆ ನನಗೆ ಬೇರೆ ಮನೆಯಿಲ್ಲ.

“ಒಂದೂ ಸಾಯುವುದಿಲ್ಲ ಅತ್ತೆ. ನಾನು ಮಾತು ಕೊಡ್ತೇನೆ,” ಎಂದೆ. ಹೊರಗಿನವರ ಎದುರು ಇಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟು ಕಾಲವಾಯಿತೋ. ಶಂಭು ಕೂಡ ತಿರುಗಿ ನೋಡಿದರು.

೨೮ ಅಕ್ಟೋಬರ್

ಶುಕೂರ್ ಬಂದ. ದೀಪವೆಂದರೆ ಬೆರಳುದ್ದದ ಒಂದು ಗಾಜಿನ ಕೊಳವೆ, ಅಷ್ಟೆ. ಹಿಂದೆ ತಗಡಿನ ಬೋಗುಣಿ. ಇಷ್ಟು ಸಣ್ಣದಾ ಎಂದು ಶಂಭು ಮುಖ ಸಣ್ಣ ಮಾಡಿದರು. ಏಳು ಗಂಟೆಗೆ ಮಿಲ್ಲಿನ ವಯರು ಕೂಡಿಸಿ ಸ್ವಿಚ್ಚು ಹಾಕಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು ಬಾವಿಕಟ್ಟೆಗೆ ಬೆನ್ನು ತಾಗಿಸಿಕೊಂಡರು. ಬಿಳಿ ಬೆಳಕು. ನಮ್ಮ ಮನೆಯ ಗೋಡೆಯಲ್ಲಿ ಇಷ್ಟು ಬಿರುಕುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಐದು ನಿಮಿಷ ತಡೆದು ಹುಳಗಳು ಬಂದವು. ಮೊದಲು ನಾಲ್ಕಾರು, ಆಮೇಲೆ ಯಾರೋ ಮೊರದಿಂದ ಸುರಿದ ಹಾಗೆ. ಕೊಳವೆಗೆ ತಾಗಿದ್ದು ಚುಯ್ ಎಂದು ಅಲ್ಲೇ ಮುಗಿಯುತ್ತಿತ್ತು. ನಾನು ಓಡಿಹೋಗಿ ಸ್ವಿಚ್ಚು ತೆಗೆದೆ.

ಲಾಟೀನು ಹಿಡಿದು ಎಣಿಸಿದೆ. ಅರವತ್ತೊಂದು. ಒಂದು ಇನ್ನೂ ಕಾಲು ಆಡಿಸುತ್ತಿತ್ತು. ನಾನು ನೋಡುತ್ತಿದ್ದಂತೆ ನಿಲ್ಲಿಸಿತು. ಅರವತ್ತೆರಡು. ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋದರು.

೨೯ ಅಕ್ಟೋಬರ್

ಅತ್ತೆ ಬೆಳಗಿನಿಂದ ಏನೂ ತೆಗೆದುಕೊಂಡಿಲ್ಲ. ಹಾಲಾದರೂ ಕುಡಿಯಿರಿ ಎಂದೆ. “ಹಾಲು ಕುಡಿದ್ರೆ ಅದು ಉಪವಾಸವಾ?” ಎಂದು ನಕ್ಕರು. ನಗುವಾಗ ಕೈ ಹೊಟ್ಟೆಯ ಮೇಲಿತ್ತು.

ಹೊಟ್ಟೆ ಖಾಲಿ ಇಟ್ಟುಕೊಂಡೇ ಅವರು ಶುಕೂರನಿಗೆ ಸಹಾಯ ಮಾಡಿದರು. ದೀಪ ಕುಗ್ಗಿಸಲು ಒಂದು ಉಪಾಯ ಉಂಟೆಂದು ಅವನು ಹೇಳಿದ್ದ. ದೊಡ್ಡ ಪಿಂಗಾಣಿ ಭರಣಿಯಲ್ಲಿ ಉಪ್ಪುನೀರು. ತಳದಲ್ಲಿ ಒಂದು ಸೀಸದ ತಗಡು, ಮೇಲಿನಿಂದ ರಾಟೆಯ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಗಡು. ಕರೆಂಟು ಆ ನೀರನ್ನು ಹಾಯ್ದೇ ದೀಪಕ್ಕೆ ಹೋಗಬೇಕು. ಮೇಲಿನ ತಗಡು ಇಳಿಸಿದಷ್ಟು ಬೆಳಕು, ಎತ್ತಿದಷ್ಟು ಮಬ್ಬು.

ಅತ್ತೆ ಮಾವಿನಮಿಡಿಯ ಹಳೆಯ ಭರಣಿಯನ್ನು ತೊಳೆದು ಕೊಟ್ಟರು. ಶುಕೂರ್ ಕೊಡಪಾನ ಎತ್ತಿ ನೀರು ಸುರಿಯಹೊರಟಾಗ ತಡೆದು, ಭರಣಿಯ ಬಾಯಿಗೆ ಸೋಸುವ ಬಟ್ಟೆ ಕಟ್ಟಿದರು.

“ಅಮ್ಮ, ನಾನು ಎರಡು ಸೇರು ಉಪ್ಪು ಹಾಕ್ಲಿಕ್ಕುಂಟು ಇದಕ್ಕೆ. ಅದರಲ್ಲಿ ಎಂಥ ಹುಳ ಬದುಕ್ತದೆ?”

“ಬದುಕುದಿಲ್ಲಲ್ಲ ಮಗ. ಹಾಗಾಗಿಯೇ ಮೊದಲು ಸೋಸುದು.”

ಶುಕೂರ್ ಕೊಡಪಾನ ಕೆಳಗಿಟ್ಟು, “ನನ್ನ ಉಮ್ಮ ರುಖಿಯಮ್ಮನನ್ನೂ ನಿಮ್ಮನ್ನೂ ಒಂದೇ ಮನೆಯಲ್ಲಿ ಇಟ್ರೆ ಆ ಮನೆಯಲ್ಲಿ ಮತ್ತೆ ಯಾರೂ ಬಾಯಿ ಬಿಡ್ಲಿಕ್ಕಿಲ್ಲ,” ಎಂದ.

೩೦ ಅಕ್ಟೋಬರ್

ರಾತ್ರಿ ಅತ್ತೆಗೆ ನೋವು ಬಂತು. ಗೋಡೆಯ ಈಚೆಗೆ ನನಗೆ ಕೇಳಬಾರದೆಂದು ಸೆರಗು ಕಚ್ಚಿಕೊಂಡಿದ್ದರು. ನರಳುವುದು ಬೆಳಗಿನವರೆಗೂ ಕೇಳುತ್ತಲೇ ಇತ್ತು.

೩೧ ಅಕ್ಟೋಬರ್

ಸಾಧ್ಯವಿದೆ! ತಗಡು ಪೂರ್ತಿ ಇಳಿಸಿದರೆ ಮೊನ್ನೆಯದೇ ಗತಿ. ಅದನ್ನು ಒಂದು ಕ್ಷಣಕ್ಕಿಂತ ಹೆಚ್ಚು ನೋಡಲಿಲ್ಲ. ಅರ್ಧಕ್ಕೆ ಎತ್ತಿದರೆ ಬೆಳಕು ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ, ಹುಳಗಳು ಅರೆಮನಸ್ಸಿನಿಂದ ಸುಳಿಯುತ್ತವೆ. ಕಾಲು ಭಾಗಕ್ಕೆ ತಂದಾಗ ಜೋನಿಬೆಲ್ಲದ ಬಣ್ಣ. ಅರ್ಧ ಗಂಟೆ ಕಾದೆ. ಒಂದೂ ಬರಲಿಲ್ಲ. ಸೊನ್ನೆ.

ಅತ್ತೆಗೆ ಹೇಳಿದೆ. “ನಿನ್ನ ಮುಖ ನೋಡಿಯೇ ಗೊತ್ತಾಯ್ತು,” ಎಂದರು.

ಶುಕೂರ್ ನಾಳೆ ಬೊಂಬಾಯಿಗೆ ಹೊರಡುತ್ತಾನೆ, ಹಡಗು ಕಾಯುವುದಿಲ್ಲ. ದೀಪಗಳು ನನ್ನ ವಶಕ್ಕೆ. ಅವನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಕೊಳವೆಯನ್ನು ಬರಿಗೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆ ತಾಗಿದ ಕಡೆ ಒಡೆಯುತ್ತದೆ. ನಾಟಕ ನಡೆಯುವಾಗ ಭರಣಿಯ ನೀರು ಕುದಿಯುವಷ್ಟು ಬಿಸಿಯಾಗುತ್ತದೆ, ಹೆದರಬಾರದು, ಕೈಯನ್ನೂ ಹಾಕಬಾರದು. ದೀಪದ ಹತ್ತಿರ ಬಟ್ಟೆ, ಕಾಗದ, ಏನನ್ನೂ ತರಬಾರದು.

“ನಿಧಾನ ಕುಗ್ಗಿಸು ಭಟ್ಟಾರಕ,” ಎಂದ ಹೊರಡುವಾಗ. ನನ್ನ ಮೌನ ನೋಡಿ, ಜೈನಮಠದ ಸ್ವಾಮಿಗಳ ಹಾಗೆ ಎಂದು ಅವನು ನನಗಿಟ್ಟ ಹೆಸರು ಅದು. “ಅವಸರ ಮಾಡಿದ್ರೆ ಬೆಳಕು ಮುಗ್ಗರಿಸ್ತದೆ. ಜನಕ್ಕೆ ಗೊತ್ತಾಗಿಬಿಡ್ತದೆ.”

೫ ನವೆಂಬರ್

ಜೋನಿಬೆಲ್ಲದ ಬೆಳಕಿನಲ್ಲಿ ಮೊದಲ ತಾಲೀಮು. ಜಗಳ.

ನಾಟಕದಲ್ಲಿ ಕಡಲಿಗೆ ಹೋದ ವ್ಯಾಪಾರಿಯ ಹೆಂಡತಿಯಾಗಿ ನಟಿಸುವವನು ಭೋಜ, ಲಾಯಿಲದ ಟೈಲರು. ಗಂಡ ಮರಳುವುದಿಲ್ಲ ಎಂದು ತಿಳಿದ ಮೇಲೆ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ಹೊತ್ತು ಮುಳುಗುತ್ತದೆ. ಮಾತಿಲ್ಲ. ಅವಳ ಮುಖದ ಮೇಲಿನ ಬೆಳಕು ಮೆಲ್ಲಗೆ ಇಳಿದು ಇಲ್ಲವಾಗುತ್ತದೆ. ಅಲ್ಲಿಗೆ ನಾಟಕ ಮುಗಿಯಿತು. ನಾನು ಬರೆದದ್ದರಲ್ಲಿ ನನಗೆ ಮೆಚ್ಚಿಗೆಯಾದದ್ದು ಆ ಮಾತಿಲ್ಲದ ಅರ್ಧ ಪುಟ ಮಾತ್ರ.

“ಮಾರಾಯ, ನಾಟಕವಾ ಇದು, ಹೆಣ ಕಾಯುದಾ?” ಎಂದು ಶಂಭು ಕತ್ತಲಿನಿಂದ ಕೂಗಿದರು. “ಭೋಜನ ಮೂಗು ಎಲ್ಲಿ, ಬಾಯಿ ಎಲ್ಲಿ, ಒಂದೂ ಕಾಣುದಿಲ್ಲ.”

“ಶೆಟ್ರೇ, ನನ್ನ ಸಂಕಟ ಕೇಳಿ,” ಎಂದ ಭೋಜ. “ಮೀಸೆ ಬೋಳಿಸಿದ್ದಕ್ಕೆ ನನ್ನ ಹೆಂಡತಿ ಮಾತು ಬಿಟ್ಟು ಹತ್ತು ದಿನ ಆಯ್ತು. ಮುಖ ಕಾಣ್ಲಿಕ್ಕೇ ಇಲ್ಲಾಂತಾದ್ರೆ ಮೀಸೆ ಇಟ್ಕೊಂಡೇ ಹೆಂಗಸಾಗಬಹುದಿತ್ತಲ್ಲ!”

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಭೋಜನ ಮಾತಿನಲ್ಲಿ ನಿಜವಿತ್ತು. ಮುಳುಗಲು ಮೊದಲು ಬೆಳಕು ಇರಬೇಕು. ಮಬ್ಬನ್ನು ಇನ್ನೂ ಮಬ್ಬು ಮಾಡಿದರೆ ಯಾರಿಗೆ ಏನು ಕಾಣುತ್ತದೆ?

ಕೊನೆಗೆ ಆದ ತೀರ್ಮಾನ: ಉಳಿದ ಹೊತ್ತೆಲ್ಲ ಕಾಲು ಬೆಳಕು. ಕೊನೆಯ ದೃಶ್ಯದಲ್ಲಿ ಅರ್ಧ ನಿಮಿಷ ಮಾತ್ರ ಪೂರ್ತಿ, ಆಮೇಲೆ ಮುಳುಗಿಸುವುದು. ಅರ್ಧ ನಿಮಿಷಕ್ಕೆ ಹುಳಗಳು ಬಂದು ಮುಟ್ಟುವುದಿಲ್ಲ. ಅಂದಾಜು.

೮ ನವೆಂಬರ್

ನಿನ್ನೆ ರಾತ್ರಿ ಅರ್ಧ ನಿಮಿಷವನ್ನು ಒಬ್ಬನೇ ಪರೀಕ್ಷಿಸಿದೆ. ಬಂದು ಮುಟ್ಟುತ್ತವೆ, ಮೊದಲ ರಾತ್ರಿಯಷ್ಟು ತಡ ಮಾಡುವುದಿಲ್ಲ. ಮೂವತ್ತೋ ನಲವತ್ತೋ.

ಆಗ ಒಂದು ಯೋಚನೆ ಹೊಳೆಯಿತು. ನೀರಿನಿಂದ ಜೀವವನ್ನು ಬೇರೆ ಮಾಡುವ ಬಟ್ಟೆ ಬೆಳಕಿನಿಂದಲೂ ಏಕೆ ಬೇರೆ ಮಾಡಬಾರದು? ಅಡುಗೆಮನೆಯ ಸೋಸುವ ಬಟ್ಟೆಯನ್ನು ಬೆತ್ತದ ಬಳೆಗೆ ಹೊಲಿದು ದೀಪದ ಮುಂದೆ ಒಂದು ಗೇಣು ಬಿಟ್ಟು ಕಟ್ಟಿದೆ. ಶುಕೂರ್ ಹೇಳಿದ್ದು ನೆನಪಿತ್ತು. ಆದರೆ ಅವನು ದಪ್ಪ ಬಟ್ಟೆಯನ್ನು ಮನಸ್ಸಿನಲ್ಲಿಟ್ಟು ಹೇಳಿರಬೇಕು, ಇದು ಜೇಡರಬಲೆಯ ಹಾಗೆ ತೆಳು ಎಂದುಕೊಂಡೆ.

ಒಂದು ನಿಮಿಷ ಚೆನ್ನಾಗಿತ್ತು. ಹುಳಗಳು ಬಟ್ಟೆಯ ಮೇಲೆ ಕುಳಿತವು, ಒಂದೂ ಸುಡಲಿಲ್ಲ. ಬಟ್ಟೆಯ ನಡುವೆ ಕಂದು ಬಣ್ಣದ ಒಂದು ಬೊಟ್ಟು ಕಾಣಿಸಿ, ನೋಡುತ್ತಿದ್ದಂತೆ ರೊಟ್ಟಿಯಷ್ಟಾಗಿ ಭುಗ್ ಎಂದಿತು. ಕುಳಿತಿದ್ದ ಅಷ್ಟೂ ಹುಳಗಳೊಂದಿಗೆ. ಕಿತ್ತು ಎಸೆಯುವಾಗ ಅಂಗೈ ಸುಟ್ಟಿತು.

ಕತ್ತಲಲ್ಲೇ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ಬೆಳಿಗ್ಗೆ ಅತ್ತೆ ಕೈ ನೋಡಿ ಏನಾಯಿತು ಎಂದರು. ಕಾಫಿ ಪಾತ್ರೆ ಎಂದೆ. ಸೋಸುವ ಬಟ್ಟೆ ಎಲ್ಲಿ ಎಂದರು. ತೊಳೆಯುವಾಗ ಹರಿದುಹೋಯಿತು ಎಂದೆ. ಎರಡೂ ಸುಳ್ಳು. ನನ್ನ ಕಿವಿ ಕೆಂಪಾದದ್ದು ನನಗೇ ಗೊತ್ತಾಗುತ್ತಿತ್ತು. ಅತ್ತೆ ತಮ್ಮ ಹಳೆಯ ಸೀರೆಯಿಂದ ಹೊಸ ಬಟ್ಟೆ ಹರಿದುಕೊಂಡರು. ಮಧ್ಯಾಹ್ನ ಊಟ ಮಾಡಿದರು. ಅದು ಮುಖ್ಯ.

೧೨ ನವೆಂಬರ್

ಎರಡು ದಿನ ತಾಲೀಮು. ಕೊನೆಯ ದೃಶ್ಯವನ್ನು ಏಳು ಸಲ ಮಾಡಿಸಿದೆ. ಭೋಜ ಕಣ್ಣು ಮಿಟುಕಿಸುತ್ತಾನೆ, ಹುಳ ಬಂದರೆ ಕೈ ಬೀಸುತ್ತಾನೆ. “ಕೈ ಎತ್ತಬೇಡಿ! ಗಂಡ ಸತ್ತವಳು ನೊಣ ಓಡಿಸ್ತಾಳಾ?” ಎಂದು ಕೂಗಿದೆ.

“ದೇವೆರೆ,” ಎಂದ ಭೋಜ, “ಇವರಿಗೆ ಬಾಯಿ ಉಂಟು ಶೆಟ್ರೇ. ನಾವು ಇಷ್ಟು ದಿನ ಪಾಪ, ಮೂಕ ಅಂದುಕೊಂಡದ್ದು.”

ಶಂಭು ಈಗ ಪ್ರತಿಯೊಂದಕ್ಕೂ ನನ್ನನ್ನೇ ಕೇಳುತ್ತಾರೆ. ಬೆಳಕು ಮುಗ್ಗರಿಸದೆ ಇಳಿಸುವುದು ಕೈಗೆ ಬಂದಿದೆ. ಹಗ್ಗದಲ್ಲಿ ಗಂಟು ಹಾಕಿಕೊಂಡಿದ್ದೇನೆ, ಕಣ್ಣು ಮುಚ್ಚಿ ಕೂಡ ಮಾಡಬಲ್ಲೆ. ಅತ್ತೆ ಏಳುವ ಮೊದಲು ಐದು ಗಂಟೆಗೆ ಎದ್ದು ಹುಳ ಗುಡಿಸುವುದೂ ಅಭ್ಯಾಸವಾಗಿದೆ. ಹೆಚ್ಚೇನಿರಲಿಲ್ಲ.

೧೫ ನವೆಂಬರ್

ಅತ್ತೆ ಇವತ್ತು ಹೇಳಿದರು: “ನಿನಗೀಗ ಬೆಳಿಗ್ಗೆ ಬೇಗ ಎಚ್ಚರ ಆಗ್ತದೆ.”

“ಓದ್ಲಿಕ್ಕುಂಟು,” ಎಂದೆ.

ಅತ್ತೆಯ ಮುಖಕ್ಕೆ ಸ್ವಲ್ಪ ಕಳೆ ಬಂದಿದೆ. ಬಳೆಗಳು ಜಾರುತ್ತಿಲ್ಲ. ನಾನು ಮಾಡುತ್ತಿರುವುದು ಸರಿ.

೧೮ ನವೆಂಬರ್, ರಾತ್ರಿ

ಮುಗಿಯಿತು. ಎಲ್ಲರೂ ಹೋದರು.

ಹುಣ್ಣಿಮೆಯ ಮಾರನೆಯ ದಿನವಾದ್ದರಿಂದ ಬೆಳದಿಂಗಳಿಗೆ ಹುಳ ಕಡಿಮೆ ಬರಬಹುದೆಂದು ಆಸೆ ಇತ್ತು. ಅತ್ತೆ ಸಂಜೆ ಐದೂವರೆಗೇ ಉಂಡು, ಜಪ ಮುಗಿಸಿ ಮಲಗುತ್ತೇನೆ ಎಂದು ಕೋಣೆಗೆ ಹೋಗಿದ್ದರು. “ನಾಟಕ ನೋಡುವುದಿಲ್ಲವಾ?” ಎಂದು ಕೇಳಿದ್ದಕ್ಕೆ, “ನಾನು ನೋಡ್ತಾ ಇದ್ರೆ ನಿನಗೆ ಕಷ್ಟ,” ಎಂದಿದ್ದರು.

ಅಂಗಳ ತುಂಬಿ ಮಿಲ್ಲಿನ ಗೋಡೆಯ ಮೇಲೂ ಜನ. ಏಳಕ್ಕೆ ಶುರು. ಒಂದು ಗಂಟೆ ಕಾಲು ಬೆಳಕಿನಲ್ಲಿ ನಡೆಯಿತು. ಜನರು ಮೊದಲು ಗೊಣಗಿದರು, ಆಮೇಲೆ ಕತ್ತು ಮುಂದೆ ಮಾಡಿ ನೋಡತೊಡಗಿದರು. ಭರಣಿಯಿಂದ ಹಬೆ ಏಳುತ್ತಿತ್ತು. ಅಷ್ಟರವರೆಗೆ ಸೊನ್ನೆ. ಇದನ್ನು ಬರೆಯಲೇಬೇಕು: ಅಷ್ಟರವರೆಗೆ ಸೊನ್ನೆ.

ಭೋಜ ಬಾಗಿಲಿಗೆ ಬಂದು ನಿಂತ. ನಾನು ಮೇಲಿನ ತಗಡನ್ನು ತಳದವರೆಗೆ ಇಳಿಸಿದೆ.

ಅವನ ಮುಖ ಬೆಳಗಿತು. ಭೋಜನ ಮುಖವಲ್ಲ. ನಾನು ಬರೆಯುವಾಗ ಕಂಡ ಮುಖ. ಮುನ್ನೂರು ಜನರಲ್ಲಿ ಒಂದು ಕೆಮ್ಮಿಲ್ಲ. ಅರ್ಧ ನಿಮಿಷ ಆಗಿರಬೇಕು. ಹಗ್ಗ ನನ್ನ ಕೈಯಲ್ಲಿತ್ತು. ಎಳೆಯಲಿಲ್ಲ.

ಹುಳಗಳು ಬಂದವು. ಹಸಿರು ಮಳೆಯ ಹಾಗೆ ಬೆಳಕಿನ ದಾರಿಯಲ್ಲಿ ಸುರಿದವು. ಭೋಜನ ತಲೆಯ ಮೇಲೆ, ಹೆಗಲ ಮೇಲೆ, ತುಟಿಯ ಮೇಲೆ. ಅವನು ಕೈ ಎತ್ತಲಿಲ್ಲ. ಒಂದು ಕಣ್ಣಿಗೆ ಹೋಗಿರಬೇಕು, ನೀರು ಇಳಿಯಿತು. ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದರು. ದೀಪದಲ್ಲಿ ಚುಯ್ ಚುಯ್ ಎನ್ನುತ್ತಲೇ ಇತ್ತು, ಸುಟ್ಟ ವಾಸನೆ ನನ್ನವರೆಗೆ ಬರುತ್ತಿತ್ತು. ನಾಲ್ಕು ನಿಮಿಷ. ಐದೂ ಇರಬಹುದು. ಆಮೇಲೆ ಎಳೆದೆ, ಗಂಟು ಗಂಟಾಗಿ, ಒಮ್ಮೆಯೂ ಮುಗ್ಗರಿಸದೆ. ಕತ್ತಲಾದ ಮೇಲೂ ಬಹಳ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ತಟ್ಟಿದರು.

ಹುಳಗಳನ್ನು ಮರೆತುಬಿಟ್ಟಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ.

ಶಂಭು ನನ್ನನ್ನು ಅಪ್ಪಿಕೊಂಡು ಜನರ ಎದುರಿಗೆ ಎಳೆದುಕೊಂಡು ಹೋದರು. “ಬರೆದದ್ದು ಇವರೇ! ಬೆಳಕೂ ಇವರದ್ದೇ!” ನಾನು ತಲೆ ತಗ್ಗಿಸಲಿಲ್ಲ. ಬೆಳ್ತಂಗಡಿಯಲ್ಲೂ ಮಾಡುವ ಎಂದರು. ಮಾಡುವ ಎಂದೆ. ಅವರು, ಭೋಜ, ಉಳಿದವರು ಒಂಬತ್ತಕ್ಕೇ ಲಾರಿ ಹತ್ತಿ ಹೋದರು.

ಅಂಗಳಕ್ಕೆ ಬೆನ್ನು ಮಾಡಿ ಬಂದಿದ್ದೇನೆ. ಬೆಳಿಗ್ಗೆ ನೋಡಿಕೊಳ್ಳುವೆ. ಬರುವಾಗ ಅತ್ತೆಯ ಕೋಣೆಯ ಕಿಟಕಿ ತೆರೆದಿತ್ತು. ಸೆಖೆಗೆ ತೆರೆದಿರಬೇಕು.

೧೯ ನವೆಂಬರ್

ನಾಲ್ಕೂವರೆಗೆ ಎದ್ದು ಅಂಗಳಕ್ಕೆ ಹೋದೆ. ಗುಡಿಸಿ ಆಗಿತ್ತು.

ದೀಪದ ಕಾಲಿನ ಬುಡದಲ್ಲಿ, ರಂಗದ ಹಲಗೆಗಳ ಸಂದಿಯಲ್ಲಿ ಕೂಡ ಒಂದು ರೆಕ್ಕೆ ಇರಲಿಲ್ಲ. ಬೇಲಿಯ ಬುಡದಲ್ಲಿ ಒಂದು ಮೊರದಗಲ ಹೊಸ ಮಣ್ಣು ಮುಚ್ಚಿತ್ತು, ಅದರ ಮೇಲೆ ನೀರು ಚಿಮುಕಿಸಿದ್ದು ಇನ್ನೂ ಆರಿರಲಿಲ್ಲ. ಭೋಜನೋ ಯಾರೋ ಮಾಡಿರಬೇಕು ಎಂದುಕೊಂಡೆ. ಭೋಜ ಲಾರಿ ಹತ್ತಿದ್ದನ್ನು ನಾನೇ ನೋಡಿದ್ದೇನೆ.

ಎಂಟು ಗಂಟೆಗೆ ಅತ್ತೆ ಗಂಜಿಗೆ ಕರೆದರು. ಸ್ನಾನವಾಗಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಯಾವತ್ತೂ ನನಗೆ ಬಡಿಸಿ ಆಮೇಲೆ ಉಣ್ಣುವವರು ಇವತ್ತು ತಮ್ಮ ಬಟ್ಟಲನ್ನೂ ಎದುರಿಗಿಟ್ಟುಕೊಂಡು ಕುಳಿತರು.

“ಶ್ರೇಯಾಂಸ, ನಿನ್ನೆ ಏನೂ ಆಗ್ಲಿಲ್ಲ ಅಲ್ವ?”

“ಇಲ್ಲ ಅತ್ತೆ. ಒಂದೂ ಇಲ್ಲ.”

ತಡವರಿಸದೆ ಬಂತು. ಕಿವಿ ಬಿಸಿಯಾಗಲಿಲ್ಲ. ಅವರು ನನ್ನನ್ನು ನೋಡಿದರು, ನಾನೂ ನೋಡಿದೆ. ಅವರೇ ಮೊದಲು ಕಣ್ಣು ಸರಿಸಿದರು.

“ಹಾಗಾದ್ರೆ ಉಪವಾಸ ಯಾಕೆ,” ಎಂದರು.

ಗಂಜಿಯನ್ನು ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ಬಾಯಿಗೆ ಹಾಕಿದರು. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಇತ್ತು. ನಾನು ಅದು ಗಂಟಲಿಳಿಯುವುದನ್ನೇ ನೋಡುತ್ತಿದ್ದೆ. ಎರಡನೆಯದು. ಮೂರನೆಯದು. ಅವರ ಉಗುರುಗಳ ಸಂದಿಯಲ್ಲಿ ಮಣ್ಣು ಇತ್ತು, ಎಷ್ಟು ತೊಳೆದರೂ ಹೋಗದ ಹಾಗೆ. ಯಾರು ಗುಡಿಸಿದರು ಎಂದು ನಾನು ಕೇಳಲಿಲ್ಲ.

ಬಟ್ಟಲು ಖಾಲಿಯಾದ ಮೇಲೆ ಅವರು ಅದನ್ನು ನನ್ನ ಕಡೆಗೆ ಚಾಚಿದರು.

“ಇನ್ನೊಂದು ಸೌಟು ಹಾಕು. ಡಾಕ್ಟರು ಹೇಳಿದ್ದಾರಲ್ಲ.”

ಹಾಕಿದೆ.